ಮುಟ್ಟಿ ಮಾಡಿದ ಸೇವೆ

ಸೇವೆ ಎಂಬ ಮಾತು ಎಷ್ಟು ಹಿರಿದೋ, ಅದನ್ನು ದೂರ ನಿಂತು ಮಾಡಿ ಮುಗಿಸುವ ಉಪಾಯಗಳೂ ಅಷ್ಟೇ ಹಲವು. ಹಸಿದವನಿಗೆ ಹೊಸ್ತಿಲಾಚೆ ಅನ್ನವಿಟ್ಟು ಒಳಗೆ ಸರಿಯುವುದು, ರೋಗಿಗೆ ಔಷಧಿಯ ಹಣವನ್ನು ಮತ್ತೊಬ್ಬರ ಕೈಯಲ್ಲಿ ಕಳುಹುವುದು, ಅನಾಥರ ಹೆಸರಿನಲ್ಲಿ ದತ್ತಿಯಿಟ್ಟು ಅವರ ಮುಖವನ್ನು ಒಮ್ಮೆಯೂ ನೋಡದಿರುವುದು, ಇವೆಲ್ಲ ಸೇವೆಗಳೇ. ಇವನ್ನು ಹಳಿಯಲಾಗದು. ಯಾರು ಇಟ್ಟರೂ ಅನ್ನ ಅನ್ನವೇ. ಯಾರು ತಂದರೂ ಔಷಧಿ ಔಷಧಿಯೇ. ಆದರೆ ಕೊಟ್ಟದ್ದೆಲ್ಲ ತಲುಪಿದ ಮೇಲೂ ತಲುಪದೆ ಉಳಿಯುವುದೊಂದುಂಟು. ಅದು ಯಾವುದು ಎಂಬ ವಿಚಾರಕ್ಕೆ ಕ್ರೈಸ್ತರ ಸುವಾರ್ತೆಗಳಲ್ಲಿ ಬರುವ ಒಂದು ಪವಾಡಪ್ರಸಂಗವು ತಕ್ಕ ಆಧಾರವನ್ನು ಒದಗಿಸುತ್ತದೆ.

ಪ್ರಸಂಗ ಬಹಳ ಚಿಕ್ಕದು. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದ ಕೊನೆಯ ಆರು ವಾಕ್ಯಗಳಲ್ಲಿ ಅದು ಮುಗಿದುಹೋಗುತ್ತದೆ. ಮತ್ತಾಯನೂ ಲೂಕನೂ ಇದನ್ನೇ ಸ್ವಲ್ಪ ಭೇದದಿಂದ ಹೇಳಿದ್ದಾರೆ. ಯೇಸುವು ಗಲಿಲಾಯ ಸೀಮೆಯಲ್ಲಿ ಊರೂರು ತಿರುಗುತ್ತಿದ್ದ ಕಾಲ. ಕುಷ್ಠರೋಗಿಯೊಬ್ಬನು ಆತನ ಬಳಿಗೆ ಬಂದು ಮೊಣಕಾಲೂರಿ, ನಿನಗೆ ಮನಸ್ಸಿದ್ದರೆ ನನ್ನನ್ನು ಶುದ್ಧಮಾಡಬಲ್ಲೆ ಎಂದು ಬೇಡಿಕೊಂಡನು. ಆತನು ಕನಿಕರಗೊಂಡು ಕೈ ಚಾಚಿ ಅವನನ್ನು ಮುಟ್ಟಿ, ನನಗೆ ಮನಸ್ಸುಂಟು, ಶುದ್ಧನಾಗು ಎಂಬರ್ಥದ ಮಾತನ್ನಾಡಿದನು. ರೋಗ ಒಡನೆಯೇ ಬಿಟ್ಟಿತು. ಬಳಿಕ ಆತನು, ಇದನ್ನು ಯಾರಿಗೂ ಹೇಳಬೇಡ, ಯಾಜಕನ ಬಳಿಗೆ ಹೋಗಿ ಮೈ ತೋರಿಸಿ ಮೋಶೆಯು ವಿಧಿಸಿದ ಕಾಣಿಕೆಯನ್ನು ಅರ್ಪಿಸು ಎಂದು ಕಟ್ಟುನಿಟ್ಟಾಗಿ ಹೇಳಿ ಅವನನ್ನು ಕಳುಹಿಸಿಬಿಟ್ಟನು. ಆದರೆ ಅವನು ಹೊರಟವನೇ ನಡೆದದ್ದನ್ನೆಲ್ಲ ಊರ ತುಂಬ ಸಾರಿದನು. ಅದರಿಂದ ಯೇಸುವಿಗೆ ಯಾವ ಊರೊಳಗೂ ಬಹಿರಂಗವಾಗಿ ಕಾಲಿಡಲಾಗದೆ ಹೊರಗೆ ನಿರ್ಜನಪ್ರದೇಶಗಳಲ್ಲಿ ಉಳಿಯಬೇಕಾಯಿತು.

ಪವಾಡವು ನಿಜವಾಗಿ ನಡೆಯಿತೇ ಇಲ್ಲವೇ ಎಂಬ ವಾದಕ್ಕೆ ಇಲ್ಲಿ ಕೈಯಿಡುವುದಿಲ್ಲ. ನಂಬುವವರಿಗೆ ಆ ವಾದ ಬೇಕಿಲ್ಲ. ನಂಬದವರು ಅದರಿಂದ ನಂಬುವುದೂ ಇಲ್ಲ. ರೋಗವು ಬಿಟ್ಟ ಕ್ಷಣಕ್ಕೆ ಮೊದಲು ಏನು ನಡೆಯಿತು, ಅನಂತರ ಏನು ನಡೆಯಿತು ಎಂಬುದರಲ್ಲಿಯೇ ಈ ಕಥೆಯ ಸಾರವಿದೆ.

ಮೊದಲು ಆ ರೋಗಿಯ ಸ್ಥಿತಿಯನ್ನು ತಿಳಿಯಬೇಕು. ಯೆಹೂದ್ಯರ ಧರ್ಮಶಾಸ್ತ್ರವಾದ ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳು ಈ ವಿಷಯಕ್ಕೇ ಮೀಸಲಾಗಿವೆ. ಚರ್ಮದ ಮೇಲೆ ಮಚ್ಚೆಯೆದ್ದವನು ವೈದ್ಯನ ಬಳಿಗಲ್ಲ, ಯಾಜಕನ ಬಳಿಗೆ ಹೋಗಬೇಕು. ಯಾಜಕನು ನೋಡಿ ಅಶುದ್ಧನೆಂದು ನಿರ್ಣಯಿಸಿದರೆ ಅವನು ಬಟ್ಟೆ ಹರಿದುಕೊಂಡು, ತಲೆಗೂದಲು ಕೆದರಿಕೊಂಡು, ಮೇಲ್ದುಟಿಯನ್ನು ಮುಚ್ಚಿಕೊಂಡು, ತಾನು ಅಶುದ್ಧನೆಂದು ತಾನೇ ಕೂಗಿಕೊಳ್ಳುತ್ತ ಪಾಳೆಯದ ಹೊರಗೆ ಒಂಟಿಯಾಗಿ ಇರಬೇಕು. ಅಲ್ಲಿ ಹೇಳಿರುವ ಲಕ್ಷಣಗಳೆಲ್ಲ ಈಗ ಕುಷ್ಠವೆಂದು ಕರೆಯುವ ಒಂದೇ ರೋಗಕ್ಕೆ ಸೇರಿದವಲ್ಲ. ಬಟ್ಟೆಗೂ ಮನೆಯ ಗೋಡೆಗೂ ಅದೇ ದೋಷ ತಗಲುವುದೆಂದು ಆ ಶಾಸ್ತ್ರ ಹೇಳುವುದರಿಂದ, ಹಲವು ಬಗೆಯ ಚರ್ಮವ್ಯಾಧಿಗಳೂ ಬೂಷ್ಟು ಹಿಡಿಯುವಂತಹ ವಿಕಾರಗಳೂ ಆ ಒಂದು ಹೆಸರಿನಲ್ಲಿ ಅಡಗಿದ್ದುವೆಂದು ತಿಳಿಯಬೇಕು. ರೋಗ ಯಾವುದಾದರೇನು, ಪೆಟ್ಟು ಒಂದೇ. ಹೆಂಡತಿ ಮಕ್ಕಳಿಂದ, ದೇವಾಲಯದಿಂದ, ಸಂತೆಯಿಂದ, ಬಾವಿಯಿಂದ ಅವನು ದೂರವಾದನು. ಎಲ್ಲಕ್ಕಿಂತ ಕಠಿಣವಾದುದೆಂದರೆ ತನ್ನ ಹೀನತೆಯನ್ನು ತನ್ನ ಬಾಯಿಂದಲೇ ಸಾರಿಕೊಳ್ಳಬೇಕಾದ ವಿಧಿ. ಪರರು ಅಂದದ್ದನ್ನು ಮನುಷ್ಯನು ಮರೆತಾನು. ದಿನವೂ ತಾನೇ ಅಂದುಕೊಂಡದ್ದು ಒಳಗೆ ಬೇರೂರುತ್ತದೆ.

ಆ ರೋಗಿಯು ಬೇಡಿದ ಮಾತಿನಲ್ಲಿಯೇ ಈ ಬೇರು ಕಾಣುತ್ತದೆ. ನಿನಗೆ ಶಕ್ತಿಯಿದ್ದರೆ ಎಂದು ಅವನು ಕೇಳಲಿಲ್ಲ; ನಿನಗೆ ಮನಸ್ಸಿದ್ದರೆ ಎಂದನು. ಶಕ್ತಿಯ ವಿಷಯದಲ್ಲಿ ಅವನಿಗೆ ಸಂದೇಹವಿರಲಿಲ್ಲ. ತನ್ನಂಥವನ ಮೇಲೆ ಯಾರಿಗಾದರೂ ಮನಸ್ಸು ಬಂದೀತೇ ಎಂಬುದೊಂದೇ ಸಂದೇಹ. ಬಡವರು, ರೋಗಿಗಳು, ತಳ್ಳಲ್ಪಟ್ಟವರು ಉಳ್ಳವರ ಮುಂದೆ ನಿಂತಾಗ ಕೇಳುವ ಪ್ರಶ್ನೆ ಬಹುಮಟ್ಟಿಗೆ ಇದೇ. ಇವರಲ್ಲಿ ಇದೆ ಎಂಬುದು ಅವರಿಗೆ ಗೊತ್ತು.

ಇದಕ್ಕೆ ಯೇಸುವಿನಲ್ಲಿ ಎದ್ದ ಭಾವವನ್ನು ಹೇಳಲು ಮಾರ್ಕನ ಗ್ರೀಕ್ ಮೂಲದಲ್ಲಿ ಬಳಸಿರುವ ಪದವು ಕರುಳು ಎಂಬರ್ಥದ ನಾಮಪದದಿಂದ ಹುಟ್ಟಿದ ಕ್ರಿಯಾಪದ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಕರುಳು ಮರುಗಿತು, ಕರುಳು ಚುರುಕ್ಕೆಂದಿತು, ಹೆತ್ತ ಕರುಳು ಎಂದು ನಮ್ಮ ಹಳ್ಳಿಯ ತಾಯಂದಿರು ದಿನವೂ ಆಡುವ ಮಾತಿನಲ್ಲಿ ಆ ಅರ್ಥ ನೇರವಾಗಿದೆ. ಕರುಣೆಯು ತಲೆಯಲ್ಲಿ ಹುಟ್ಟುವ ನಿರ್ಣಯವಲ್ಲ, ಒಡಲಲ್ಲಿ ಏಳುವ ಸಂಕಟ ಎಂಬುದನ್ನು ಎರಡು ದೂರದೇಶದ ಭಾಷೆಗಳು ಒಂದೇ ಅವಯವವನ್ನು ಹಿಡಿದು ಹೇಳಿರುವುದು ವಿಚಾರಾರ್ಹವಾಗಿದೆ. ಇನ್ನೊಂದು ಸಂಗತಿಯೂ ಇದೆ. ಕೆಲವು ಹಳೆಯ ಪ್ರತಿಗಳಲ್ಲಿ ಈ ಸ್ಥಳದಲ್ಲಿ ಕನಿಕರಗೊಂಡನು ಎನ್ನುವ ಬದಲು ಕೋಪಗೊಂಡನು ಎಂಬ ಪಾಠಾಂತರವಿದೆ. ಪಂಡಿತರು ಈ ಪಾಠದ ಪ್ರಾಮಾಣ್ಯವನ್ನು ಕುರಿತು ಚರ್ಚಿಸುತ್ತಲೇ ಇದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಅರ್ಥಕ್ಕೆ ಹಾನಿಯಿಲ್ಲ, ಲಾಭವೇ ಉಂಟು. ಮಗುವನ್ನು ಯಾರೋ ಹೊಡೆದು ಮೂಲೆಗೆ ನೂಕಿದ್ದನ್ನು ಕಂಡ ತಾಯಿಯ ಕರುಳಿನಲ್ಲಿ ಮರುಕವೂ ಸಿಟ್ಟೂ ಒಂದೇ ಉಸಿರಿನಲ್ಲಿ ಏಳುತ್ತವೆ. ಸಿಟ್ಟೇ ಇಲ್ಲದ ಮರುಕ ಅನೇಕ ವೇಳೆ ಬರಿಯ ನಿಟ್ಟುಸಿರು.

ಇನ್ನು ಮುಟ್ಟಿದ ವಿಷಯ. ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಮಾತಿನಿಂದಲೇ ಗುಣಪಡಿಸಬಲ್ಲವನಿಗೆ ಮುಟ್ಟುವ ಅವಶ್ಯಕತೆ ಏನಿತ್ತು? ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರ ನಿಂತು ಕೂಗಿ ಬೇಡಿದಾಗ ಆತನು ಅವರನ್ನು ಮುಟ್ಟಲಿಲ್ಲ. ಯಾಜಕರ ಬಳಿಗೆ ಹೋಗಿರಿ ಎಂದಷ್ಟೇ ಹೇಳಿದನು, ಅವರು ದಾರಿಯಲ್ಲಿಯೇ ಶುದ್ಧರಾದರು. ರೋಮನ್ ಶತಾಧಿಪತಿಯ ಆಳನ್ನು ಆತನು ನೋಡದೆಯೇ ಗುಣಪಡಿಸಿದನೆಂದು ಮತ್ತಾಯನು ಹೇಳುತ್ತಾನೆ. ಆದುದರಿಂದ ಮುಟ್ಟುವುದು ಚಿಕಿತ್ಸೆಯ ಅಂಗವಲ್ಲ, ವ್ಯರ್ಥಕರ್ಮ ಎನ್ನಬಹುದಲ್ಲವೆ? ಅದು ಚಿಕಿತ್ಸೆಯ ಅಂಗವಲ್ಲ ಎಂಬುದು ದಿಟ. ಆದುದರಿಂದಲೇ ಅದಕ್ಕೆ ಬೆಲೆ. ರೋಗಕ್ಕೆ ಮಾತು ಸಾಕಾಗಿತ್ತು, ಮನುಷ್ಯನಿಗೆ ಸಾಲದಾಗಿತ್ತು. ಮನಸ್ಸಿದೆಯೇ ಎಂದು ಕೇಳಿದವನಿಗೆ ಇದೆ ಎಂಬುದನ್ನು ಬಾಯಿ ಹೇಳುವುದಕ್ಕೆ ಮುಂಚೆ ಕೈ ಹೇಳಿತು. ಕ್ರಮವನ್ನು ಗಮನಿಸಬೇಕು: ಕೈ ಚಾಚಿದನು, ಮುಟ್ಟಿದನು, ಆಮೇಲೆ ಮಾತನಾಡಿದನು, ಆಮೇಲೆ ರೋಗ ಬಿಟ್ಟಿತು. ಶುದ್ಧನಾದ ಮೇಲೆ ಮುಟ್ಟಿದ್ದರೆ ಅದನ್ನು ಯಾರಾದರೂ ಮಾಡಬಹುದಾಗಿತ್ತು. ಅಶುದ್ಧನಾಗಿರುವಾಗಲೇ ಮುಟ್ಟಿದನು.

ಶುದ್ಧಾಶುದ್ಧಗಳ ತತ್ತ್ವದಲ್ಲಿ ಇದು ಸಣ್ಣ ಸಂಗತಿಯಲ್ಲ. ಹಗ್ಗಾಯನೆಂಬ ಪ್ರವಾದಿಯ ಗ್ರಂಥದಲ್ಲಿ ಯಾಜಕರಿಗೆ ಹಾಕಿದ ಒಂದು ಧರ್ಮಪ್ರಶ್ನೆಯಿದೆ. ದೇವರಿಗೆ ಮೀಸಲಾದ ಮಾಂಸವನ್ನು ಸೆರಗಿನಲ್ಲಿ ಕಟ್ಟಿಕೊಂಡವನ ಸೆರಗು ರೊಟ್ಟಿಗೋ ಎಣ್ಣೆಗೋ ತಗಲಿದರೆ ಅದು ಪವಿತ್ರವಾಗುವುದೇ? ಆಗದು ಎಂದು ಯಾಜಕರ ಉತ್ತರ. ಹೆಣ ಮುಟ್ಟಿದವನು ಅದೇ ರೊಟ್ಟಿಯನ್ನು ಮುಟ್ಟಿದರೆ ಮೈಲಿಗೆಯಾಗುವುದೇ? ಆಗುವುದು. ಎಂದರೆ ಮೈಲಿಗೆ ಅಂಟುತ್ತದೆ, ಮಡಿ ಅಂಟುವುದಿಲ್ಲ. ಹರಿವು ಒಂದೇ ಕಡೆಗೆ. ಲೋಕದ ಎಲ್ಲ ಮಡಿಶಾಸ್ತ್ರಗಳ ಒಳಗಿರುವ ಭಯ ಇದೇ. ಗಲಿಲಾಯದ ಆ ದಾರಿಯಲ್ಲಿ ನಡೆದ ಪವಾಡದಲ್ಲಿ ಹರಿವು ತಿರುಗಿತು. ಮುಟ್ಟಿದವನು ಮೈಲಿಗೆಯಾಗಲಿಲ್ಲ, ಮುಟ್ಟಿಸಿಕೊಂಡವನು ಮಡಿಯಾದನು. ಪಂಚಸೂತಕಗಳನ್ನು ಅಲ್ಲಗಳೆದ ಶರಣರ ಮಾರ್ಗದಲ್ಲಿ ಬೆಳೆದ ವಾಚಕರಿಗೆ ಈ ತಿರುವಿನ ಅರ್ಥ ಬೇಗ ಹೊಳೆಯುತ್ತದೆ. ಬೇಗ ಹೊಳೆಯುತ್ತದೆ ಎಂಬುದರಿಂದಲೇ ಒಂದು ಎಚ್ಚರಿಕೆಯೂ ಬೇಕು: ಸೂತಕವಿಲ್ಲವೆಂದು ಬಾಯಲ್ಲಿ ನುಡಿಯುವ ಮನೆಗಳಲ್ಲಿಯೂ ಈ ರೋಗದ ಹೆಸರು ಕೇಳಿದರೆ ಲೋಟ ಬೇರೆಯಾಗಿರುವುದುಂಟು.

ಎರಡನೆಯ ಭಾಗವನ್ನು ಅನೇಕರು ಓದಿ ಮುಂದೆ ಹೋಗಿಬಿಡುತ್ತಾರೆ. ಗುಣವಾದ ಮೇಲೆ ಆತನು ರೋಗಿಯನ್ನು ತನ್ನ ಶಿಷ್ಯವರ್ಗಕ್ಕೆ ಸೇರಿಸಿಕೊಳ್ಳಲಿಲ್ಲ. ಅವನ ಊರಿನ ಯಾಜಕವ್ಯವಸ್ಥೆಯ ಕಡೆಗೆ, ಅವನ ಶಾಸ್ತ್ರದ ವಿಧಿಯ ಕಡೆಗೆ ಕಳುಹಿಸಿದನು. ಏಕೆ? ಶುದ್ಧನಾದೆಯೆಂದು ಯಾಜಕನು ಹೇಳಿದ ಹೊರತು ಅವನನ್ನು ಯಾರೂ ಮನೆಯೊಳಗೆ ಬಿಡುತ್ತಿರಲಿಲ್ಲ. ಮೈಯ ರೋಗವನ್ನು ಕಳೆದು ಊರ ಹೊರಗೇ ನಿಲ್ಲಿಸಿದ್ದರೆ ಅರ್ಧ ಸೇವೆಯಾಗುತ್ತಿತ್ತು. ವೈದ್ಯನು ಗುಣಪಡಿಸಿದವನನ್ನು ಊರು ಒಪ್ಪಬೇಕಾದರೆ ಊರಿಗೆ ಅರ್ಥವಾಗುವ ಮುದ್ರೆ ಬೀಳಬೇಕು ಎಂಬ ಲೌಕಿಕಜ್ಞಾನ ಇದರಲ್ಲಿದೆ.

ಇಲ್ಲಿ ನಮ್ಮ ದೇಶದಲ್ಲಿ ಬಹುಕಾಲದಿಂದ ಕೇಳಿಬರುವ ಆಕ್ಷೇಪವೊಂದನ್ನು ಮುಚ್ಚಿಡದೆ ನೋಡಬೇಕು. ಕ್ರೈಸ್ತರ ಆಸ್ಪತ್ರೆ, ಶಾಲೆ, ಅನಾಥಾಶ್ರಮಗಳು ಗಾಳಕ್ಕೆ ಸಿಕ್ಕಿಸಿದ ಎರೆಯಂತೆ. ಸೇವೆ ಮೇಲಿನ ವೇಷ, ಮತಾಂತರವೇ ಒಳಗಿನ ಗುರಿ ಎಂಬುದು ಆ ಆಕ್ಷೇಪ. ಇದನ್ನು ಎಲ್ಲ ಕಡೆಗೂ ಹಚ್ಚುವುದು ಅನ್ಯಾಯ. ಎಲ್ಲಿಯೂ ಹೀಗೆ ನಡೆದಿಲ್ಲವೆನ್ನುವುದು ಅಸತ್ಯ. ಆದರೆ ಇದನ್ನು ತೂಗಲು ಹೊರಗಿನ ತಕ್ಕಡಿ ಬೇಡ, ಈ ಪ್ರಸಂಗವೇ ಸಾಕು. ಮುಟ್ಟುವ ಮೊದಲು ನಿನ್ನ ನಂಬಿಕೆ ಯಾವುದು ಎಂದು ಆತನು ವಿಚಾರಿಸಲಿಲ್ಲ. ಮುಟ್ಟಿದ ಮೇಲೆ ನನ್ನ ಹಿಂದೆ ಬಾ ಎನ್ನಲಿಲ್ಲ. ಯಾರಿಗೂ ಹೇಳಬೇಡವೆಂದು ಬಾಯಿಗೆ ಬೀಗ ಹಾಕಿದನು. ಹತ್ತು ಮಂದಿಯ ಪ್ರಸಂಗದಲ್ಲಿ ಹಿಂದಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಯೆಹೂದ್ಯರು ಹೀನೈಸುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಆತನು ಕೇಳಿದ್ದುಂಟು. ಅವರಿಗೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡನೆಂದು ಕಥೆ ಹೇಳುವುದಿಲ್ಲ. ಷರತ್ತಿನ ಸೇವೆಯನ್ನು ಮಾಡುವ ಕ್ರೈಸ್ತನಿಗೆ ಅವನ ಸ್ವಂತ ಗ್ರಂಥವೇ ಪ್ರತಿಕೂಲಸಾಕ್ಷಿಯಾಗುತ್ತದೆ. ಸೇವೆಯನ್ನೆಲ್ಲ ಷರತ್ತೆಂದೇ ತಿಳಿದು ತಾನು ಮಾತ್ರ ಬೆರಳೂ ಅಲ್ಲಾಡಿಸದ ಆಕ್ಷೇಪಕನಿಗೂ ಅದು ಅನುಕೂಲಸಾಕ್ಷಿಯಾಗಿ ನಿಲ್ಲುವುದಿಲ್ಲ.

ಮೂರನೆಯದಾಗಿ, ಕಥೆಯ ಕೊನೆಯ ಸಾಲು. ರೋಗಿ ಊರೊಳಗೆ ಓಡಾಡಿ ಸಾರಿದನು. ಗುಣಪಡಿಸಿದವನು ಊರ ಹೊರಗೆ ಉಳಿದನು. ಮೊದಲು ಹೊರಗಿದ್ದವನು ಒಳಗೆ, ಒಳಗಿದ್ದವನು ಹೊರಗೆ. ಮಾರ್ಕನು ಇದಕ್ಕೆ ವ್ಯಾಖ್ಯಾನ ಮಾಡಿಲ್ಲ, ಹೇಳಿ ಬಿಟ್ಟಿದ್ದಾನೆ. ಮುಟ್ಟಿದ್ದಕ್ಕೆ ಮೈಲಿಗೆ ತಗಲಲಿಲ್ಲ, ಆದರೆ ವೆಚ್ಚ ತಗಲಿತು. ನಿಜವಾದ ಸೇವೆಯಲ್ಲಿ ಇಂತಹದೊಂದು ಸ್ಥಾನವಿನಿಮಯ ಇದ್ದೇ ಇರುತ್ತದೆ. ಮಾಡುವವನದೇನೂ ಕರಗದೆ ಎಲ್ಲವೂ ಮೊದಲಿನಂತೆಯೇ ಉಳಿದಿದ್ದರೆ, ಅವನು ಕೊಟ್ಟದ್ದು ತನಗೆ ಮಿಕ್ಕದ್ದನ್ನು ಮಾತ್ರ.

ಈ ಆರು ವಾಕ್ಯಗಳನ್ನು ಓದಿಕೊಂಡು ಬಂದ ಸಮುದಾಯವು ಚರಿತ್ರೆಯಲ್ಲಿ ಅದರಂತೆ ನಡೆಯಿತೇ? ನಡೆದದ್ದೂ ಉಂಟು, ನಡೆಯದೆ ಹೋದದ್ದೂ ಉಂಟು. ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದ ಕೈಸರೈಯ ಎಂಬ ಪಟ್ಟಣದ ಬಿಷಪನಾಗಿದ್ದ ಬಾಸಿಲನು ಊರ ಹೊರಗೆ ರೋಗಿಗಳಿಗೂ ಬಡವರಿಗೂ ಪರದೇಶಿಗಳಿಗೂ ದೊಡ್ಡದೊಂದು ಆಶ್ರಯವನ್ನು ಕಟ್ಟಿಸಿದನು. ಕುಷ್ಠರೋಗಿಗಳನ್ನು ಆತನು ಸಹೋದರರಂತೆ ಮುತ್ತಿಟ್ಟು ಬರಮಾಡಿಕೊಳ್ಳುತ್ತಿದ್ದನೆಂದು ಆತನ ಗೆಳೆಯ ನಜಿಯಾಂಜದ ಗ್ರೆಗರಿಯು ಚರಮೋಪನ್ಯಾಸದಲ್ಲಿ ನೆನೆದಿದ್ದಾನೆ. ಅಸ್ಸೀಸಿಯ ಫ್ರಾನ್ಸಿಸನು 1226ರಲ್ಲಿ ಮರಣಶಯ್ಯೆಯ ಕಾಲಕ್ಕೆ ಹೇಳಿ ಬರೆಯಿಸಿದ ಒಡಂಬಡಿಕೆಯಲ್ಲಿ, ಕುಷ್ಠರೋಗಿಗಳನ್ನು ನೋಡುವುದು ಮೊದಲು ತನಗೆ ಕಹಿಯಾಗಿತ್ತೆಂದೂ ಅವರ ನಡುವೆ ಇದ್ದ ಮೇಲೆ ಆ ಕಹಿಯೇ ಸಿಹಿಯಾಯಿತೆಂದೂ ಒಪ್ಪಿಕೊಂಡಿದ್ದಾನೆ. ಸಂತನು ತನ್ನ ಅಸಹ್ಯವನ್ನು ಮುಚ್ಚಿಡಲಿಲ್ಲ ಎಂಬುದು ಗೃಹಸ್ಥರಿಗೆ ಧೈರ್ಯ ಕೊಡುವ ಸಂಗತಿ. ಆದರೆ ಅದೇ ಯುರೋಪಿನಲ್ಲಿ, 1321ರಲ್ಲಿ, ಫ್ರಾನ್ಸಿನ ಕುಷ್ಠರೋಗಿಗಳು ಬಾವಿಗಳಿಗೆ ವಿಷ ಬೆರೆಸುತ್ತಿದ್ದಾರೆಂಬ ಪುಕಾರನ್ನು ಎಬ್ಬಿಸಿ ಬಹುಮಂದಿಯನ್ನು ಸುಟ್ಟುಹಾಕಿದರು. ಸುಟ್ಟವರೂ ಇದೇ ಸುವಾರ್ತೆಯನ್ನು ದೇವಾಲಯದಲ್ಲಿ ಕೇಳಿದವರೇ. ಗ್ರಂಥವು ಕಿವಿಗೆ ಬಿದ್ದ ಮಾತ್ರಕ್ಕೆ ಕೈಗೆ ಇಳಿಯುವುದಿಲ್ಲ. ಇದು ಯಾವುದೋ ಒಂದು ಮತದವರ ಸಂಕಟ ಮಾತ್ರವಲ್ಲ.

ಆಧುನಿಕ ಕಾಲದಲ್ಲಿ ಹೆಚ್ಚು ಮಂದಿ ಬಲ್ಲ ಹೆಸರು ಡೇಮಿಯನ್ ಪಾದ್ರಿಯದು. 1840ರಲ್ಲಿ ಬೆಲ್ಜಿಯಂ ದೇಶದ ತ್ರೆಮೆಲೊ ಗ್ರಾಮದಲ್ಲಿ ರೈತಕುಟುಂಬವೊಂದರಲ್ಲಿ ಹುಟ್ಟಿದ ಆತನು 1864ರಲ್ಲಿ ಹವಾಯಿ ದ್ವೀಪಗಳಿಗೆ ಬಂದನು. ಕುಷ್ಠವು ಹರಡದಂತೆ ತಡೆಯಲು 1865ರಲ್ಲಿ ಹವಾಯಿಯ ರಾಜ್ಯವು ಶಾಸನ ಮಾಡಿ, 1866ರಿಂದ ರೋಗಿಗಳನ್ನು ಹಿಡಿದು ಮೊಲೊಕಾಯ್ ದ್ವೀಪದ ಒಂದು ನಾಲಗೆಯಂತಹ ನೆಲಕ್ಕೆ ಕಳುಹಿಸತೊಡಗಿತ್ತು. ಒಂದು ಕಡೆ ಕಡಿದಾದ ಬೆಟ್ಟದ ಗೋಡೆ, ಉಳಿದ ಕಡೆ ಕಡಲು. ಸುಮಾರು ನೂರು ವರ್ಷಗಳಲ್ಲಿ ಎಂಟು ಸಾವಿರದಷ್ಟು ಜನರನ್ನು ಅಲ್ಲಿಗೆ ಸಾಗಿಸಲಾಯಿತು. ಡೇಮಿಯನನು 1873ರ ಮೇ ತಿಂಗಳಲ್ಲಿ ಅಲ್ಲಿಗೆ ಹೋದನು. ರೋಗಿಗಳನ್ನು ಮುಟ್ಟದಂತೆ ಇರಬೇಕೆಂಬ ಎಚ್ಚರಿಕೆಯನ್ನು ಬದಿಗಿಟ್ಟು ಹುಣ್ಣು ತೊಳೆದನು, ಮನೆ ಕಟ್ಟಿದನು, ನೀರಿನ ಕೊಳವೆ ಎಳೆಸಿದನು, ಶವಪೆಟ್ಟಿಗೆ ಮಾಡಿದನು, ಗುಂಡಿ ತೋಡಿದನು, ಅವರ ಬಟ್ಟಲಿನಿಂದಲೇ ಅವರೊಡನೆ ಉಂಡನು. ಹನ್ನೆರಡು ವರ್ಷಗಳೊಳಗೆ ರೋಗವು ಆತನಿಗೂ ಅಂಟಿತು. 1889ರ ಏಪ್ರಿಲ್ 15ರಂದು ತೀರಿಕೊಂಡನು. 2009ರಲ್ಲಿ ಕ್ಯಾಥೊಲಿಕ್ ಸಭೆ ಆತನನ್ನು ಸಂತನೆಂದು ಸಾರಿತು. ಸತ್ತ ಕೆಲವೇ ತಿಂಗಳಲ್ಲಿ ಹೊನಲುಲುವಿನ ಹೈಡ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿಯು, ಡೇಮಿಯನನು ಒರಟ, ಕೊಳಕ, ಹಟಮಾರಿ, ನಡತೆಯೂ ಶುದ್ಧವಲ್ಲ ಎಂದು ಕಾಗದ ಬರೆದನು; ಅದು ಅಚ್ಚೂ ಆಯಿತು. ಅದಕ್ಕೆ 1890ರಲ್ಲಿ ಆಂಗ್ಲಸಾಹಿತಿ ಸ್ಟೀವನ್‌ಸನ್ ಬರೆದ ಬಹಿರಂಗಪತ್ರವು ಪ್ರಸಿದ್ಧವಾಗಿದೆ. ಆತನು ಡೇಮಿಯನನ ದೋಷಗಳನ್ನೆಲ್ಲ ಇಲ್ಲವೆನ್ನಲಿಲ್ಲ. ಒರಟುತನವನ್ನೂ ಹಟವನ್ನೂ ಒಪ್ಪಿಕೊಂಡೇ, ಅಲ್ಲಿಗೆ ಹೋದವನು ಯಾರು, ಮನೆಯಲ್ಲಿ ಕುಳಿತವನು ಯಾರು ಎಂದು ತಿರುಗಿಸಿ ಕೇಳಿದನು. ಹೈಡನು ಕುಳಿತಿದ್ದುದು ಒಳ್ಳೆಯ ಮನೆಯಲ್ಲಿ.

ಹಾಗಾದರೆ ಸೇವೆ ಮಾಡುವವನು ರೋಗ ಅಂಟಿಸಿಕೊಂಡು ಸಾಯಬೇಕೆಂಬುದು ಸಿದ್ಧಾಂತವೇ? ಹೆಂಡತಿ ಮಕ್ಕಳಿರುವ ಗೃಹಸ್ಥನು ಇದನ್ನು ಕೇಳುವುದು ಹೇಡಿತನವಲ್ಲ. ಅದಕ್ಕೆ ಉತ್ತರವೂ ಮೊಲೊಕಾಯ್‌ಯಲ್ಲಿಯೇ ಇದೆ. ಡೇಮಿಯನನ ಕೊನೆಯ ದಿನಗಳಲ್ಲಿ, 1888ರಲ್ಲಿ, ಅಲ್ಲಿಗೆ ಬಂದ ಮೇರಿಯನ್ ಕೋಪ್ ಎಂಬ ಸಂನ್ಯಾಸಿನಿಯು ತನ್ನ ಜೊತೆಯ ಸೋದರಿಯರಿಗೆ ಕೈ ತೊಳೆಯುವ ಕಟ್ಟುನಿಟ್ಟಾದ ನಿಯಮವನ್ನು ವಿಧಿಸಿದಳು. 1918ರಲ್ಲಿ ತೀರಿಕೊಳ್ಳುವವರೆಗೂ ಆಕೆ ಅಲ್ಲಿಯೇ ರೋಗಿಗಳ ನಡುವೆ ಇದ್ದಳು; ಆಕೆಗಾಗಲಿ ಆಕೆಯ ಸೋದರಿಯರಿಗಾಗಲಿ ರೋಗ ಅಂಟಲಿಲ್ಲ. ಮಡಿಗಾಗಿ ತೊಳೆದ ಕೈ ಬೇರೆ, ಮತ್ತೆ ಮುಟ್ಟುವುದಕ್ಕಾಗಿ ತೊಳೆದ ಕೈ ಬೇರೆ. ನೀರು ಒಂದೇ. ಬಹುಪಾಲು ಜನರ ಮೈಯಲ್ಲಿ ಈ ರೋಗವನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆಯೆಂದೂ, ಮದ್ದು ಆರಂಭಿಸಿದ ರೋಗಿಯಿಂದ ಅದು ಬೇಗನೆ ಅಂಟದಂತಾಗುವುದೆಂದೂ ಈಗಿನ ವೈದ್ಯಶಾಸ್ತ್ರ ಹೇಳುತ್ತದೆ. ಆದುದರಿಂದ ಇಂದು ಮುಟ್ಟಲು ಹಿಂಜರಿಯುವವನು ರೋಗಕ್ಕೆ ಹೆದರುವವನಲ್ಲ, ಹೆಸರಿಗೆ ಹೆದರುವವನು.

ವಿಜ್ಞಾನದ ಮಾತು ಬಂದುದರಿಂದ ಇನ್ನೊಂದನ್ನು ಹೇಳದಿರಲಾಗದು. ಡೇಮಿಯನನು ಮೊಲೊಕಾಯ್‌ಗೆ ಹೋದ 1873ನೆಯ ವರ್ಷದಲ್ಲಿಯೇ ನಾರ್ವೆ ದೇಶದ ಬರ್ಗೆನ್ನಿನಲ್ಲಿ ಹ್ಯಾನ್ಸೆನ್ ಎಂಬ ವೈದ್ಯನು ಈ ರೋಗದ ಸೂಕ್ಷ್ಮಾಣುವನ್ನು ಕಂಡನು. ಲೋಕಕ್ಕೆ ಅದರಿಂದಾದ ಉಪಕಾರ ಅಪಾರ. ಆದರೆ ತನ್ನ ಮತವನ್ನು ಸಿದ್ಧಪಡಿಸುವ ಆತುರದಲ್ಲಿ ಆತನು ರೋಗಿಣಿಯೊಬ್ಬಳ ಕಣ್ಣಿಗೆ, ಅವಳ ಒಪ್ಪಿಗೆ ಕೇಳದೆ, ಮತ್ತೊಬ್ಬ ರೋಗಿಯ ವ್ರಣದ ದ್ರವ್ಯವನ್ನು ಸೇರಿಸಲು ಯತ್ನಿಸಿದನು. ನ್ಯಾಯಾಲಯದ ತೀರ್ಪಿನಂತೆ 1880ರಲ್ಲಿ ಆಸ್ಪತ್ರೆಯ ಹುದ್ದೆಯನ್ನು ಕಳೆದುಕೊಂಡನು. ಆತನೂ ಮುಟ್ಟಿದನು. ಮುಟ್ಟಿಸಿಕೊಂಡವಳು ಆತನಿಗೆ ಸಾಧನವಾಗಿದ್ದಳು. ಗಲಿಲಾಯದಲ್ಲಿ ಮೊದಲು ಬೇಡಿಕೆ ಬಂದಿತ್ತು, ಆಮೇಲೆ ಕೈ ಚಾಚಿತು ಎಂಬ ಕ್ರಮಕ್ಕೆ ಇದರಿಂದ ಹೊಸ ಅರ್ಥ ಬರುತ್ತದೆ.

ನಮ್ಮ ದಕ್ಷಿಣದೇಶದ ಒಂದು ಸಂಗತಿ. ತಮಿಳುನಾಡಿನ ಕೊಲ್ಲಿಬೆಟ್ಟಗಳಲ್ಲಿ ಮಿಷನರಿ ತಂದೆತಾಯಿಗಳಿಗೆ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕಾಲೇಜಿಗೆ ಬಂದರು. ಕುಷ್ಠದಿಂದ ಮಡಿಚಿಹೋದ ಬೆರಳುಗಳನ್ನು ಸ್ನಾಯುರಜ್ಜುಗಳ ಸ್ಥಾನಾಂತರದಿಂದ ನೆಟ್ಟಗೆ ಮಾಡುವ ವಿಧಾನವನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. ರೋಗವೇ ಮಾಂಸವನ್ನು ಕೊಳೆಯಿಸಿ ಬೆರಳು ಉದುರಿಸುತ್ತದೆಂದು ಆವರೆಗೆ ಜನ ನಂಬಿದ್ದರು. ಹಾಗಲ್ಲ, ರೋಗವು ನರಗಳನ್ನು ಕೆಡಿಸಿ ನೋವನ್ನು ಅಳಿಸುತ್ತದೆ, ನೋವಿಲ್ಲದವನು ಬೆಂಕಿಯನ್ನೂ ಮೊಳೆಯನ್ನೂ ಅರಿಯದೆ ತನ್ನ ಅಂಗವನ್ನು ತಾನೇ ಕಳೆದುಕೊಳ್ಳುತ್ತಾನೆ ಎಂಬುದನ್ನು ಅವರು ಕಂಡುಕೊಂಡರು. ರಾತ್ರಿ ಮಲಗಿದ್ದಾಗ ಕೆಲವರ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದರೂ ಎಚ್ಚರವಾಗುತ್ತಿರಲಿಲ್ಲ. ಅದಕ್ಕೆ ಅವರು ಮಾಡಿದ ಪರಿಹಾರವೇನೆಂದರೆ ಗುಣವಾಗಿ ಮನೆಗೆ ಹೋಗುವ ರೋಗಿಗಳ ಜೊತೆಗೆ ಒಂದೊಂದು ಬೆಕ್ಕನ್ನು ಕಳುಹಿಸುವುದು! ನಗು ಬರಬಹುದು, ಆದರೆ ರೋಗಿಯ ರಾತ್ರಿಯವರೆಗೂ ಹೋಗಿ ಯೋಚಿಸುವ ಕರುಣೆ ಎಂದರೆ ಇದು. ನೋವನ್ನು ಶಾಪವೆಂದೇ ತಿಳಿದ ಲೋಕಕ್ಕೆ ನೋವು ದೇಹದ ಕಾವಲುಗಾರನೆಂದು ಅವರು ಹೇಳಿದರು. ಒಂದು ಅಂಗದ ನೋವು ಉಳಿದ ದೇಹಕ್ಕೆ ತಿಳಿಯದೆ ಹೋದಾಗಲೇ ಆ ಅಂಗ ನಾಶವಾಗುತ್ತದೆ ಎಂಬುದು ಸಮಾಜಶರೀರಕ್ಕೂ ಸಲ್ಲುವ ಮಾತಲ್ಲವೆ?

ಬ್ರಾಂಡರು ಹೇಳಿಕೊಂಡಿರುವ ಒಂದು ಘಟನೆ ಈ ವಿಚಾರದ ಮರ್ಮವನ್ನೇ ತೋರಿಸುತ್ತದೆ. ರೋಗಿಯೊಬ್ಬನನ್ನು ಪರೀಕ್ಷಿಸಿ, ಚಿಕಿತ್ಸೆಯ ಕ್ರಮವನ್ನು ವಿವರಿಸುತ್ತ ಅವರು ಅವನ ಹೆಗಲ ಮೇಲೆ ಕೈಯಿಟ್ಟರು. ಅವನು ಬಿಕ್ಕಿ ಬಿಕ್ಕಿ ಅಳತೊಡಗಿದನು. ತಪ್ಪು ಮಾತೇನಾದರೂ ಆಡಿದೆನೇ ಎಂದು ವೈದ್ಯರು ಗಾಬರಿಯಾಗಿ ದುಭಾಷಿಯನ್ನು ಕೇಳಿದರು. ಅವನನ್ನು ಎಷ್ಟೋ ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ, ಅದಕ್ಕಾಗಿ ಅಳುತ್ತಿದ್ದಾನೆ ಎಂದು ಉತ್ತರ ಬಂದಿತು. ಇಲ್ಲಿ ಪವಾಡವೇನೂ ನಡೆಯಲಿಲ್ಲ, ರೋಗ ಆ ಕ್ಷಣಕ್ಕೆ ಬಿಡಲಿಲ್ಲ. ಹೆಗಲ ಮೇಲೆ ಕೈ ಇಟ್ಟದ್ದು ವೈದ್ಯರಿಗೆ ನೆನಪಿನಲ್ಲಿ ಉಳಿಯಬೇಕಾದಷ್ಟು ದೊಡ್ಡ ಕೆಲಸವೂ ಆಗಿರಲಿಲ್ಲ.

ಔಷಧಿ ಈಗ ಸುಲಭವಾಗಿದೆ. 1940ರ ದಶಕದಿಂದ ಡ್ಯಾಪ್ಸೋನ್ ಬಳಕೆಗೆ ಬಂದಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಕ್ರಮವನ್ನು ಸೂಚಿಸಿತು. ಆರು ತಿಂಗಳೋ ಹನ್ನೆರಡು ತಿಂಗಳೋ ಗುಳಿಗೆ ನುಂಗಿದರೆ ರೋಗ ವಾಸಿಯಾಗುತ್ತದೆ. ಆದರೂ ಜಗತ್ತಿನಲ್ಲಿ ಪ್ರತಿವರ್ಷ ಕಂಡುಬರುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಗುಳಿಗೆ ತಲುಪುವ ವೇಗದಲ್ಲಿ ಮನಸ್ಸು ತಲುಪುವುದಿಲ್ಲ. ನಿರ್ಗತಿಕ ಕುಷ್ಠರೋಗಿಯನ್ನು ವಾರಂಟಿಲ್ಲದೆ ಹಿಡಿದು ಆಶ್ರಮಕ್ಕೆ ದೂಡಲು ಅವಕಾಶ ಕೊಟ್ಟಿದ್ದ 1898ರ ಬ್ರಿಟಿಷ್ ಕಾಲದ ಶಾಸನವು ಸ್ವತಂತ್ರ ಭಾರತದಲ್ಲಿ 2016ರಲ್ಲಿ ರದ್ದಾಯಿತು. ಗಂಡ ಅಥವಾ ಹೆಂಡತಿಗೆ ಕುಷ್ಠವಿದೆಯೆಂಬುದು ವಿವಾಹವಿಚ್ಛೇದನಕ್ಕೆ ಕಾರಣವಾಗಬಹುದೆಂಬ ವಿಧಿಯನ್ನು ತೆಗೆದುಹಾಕಿದ್ದು 2019ರಲ್ಲಿ. ರೋಗಕ್ಕೆ ಮದ್ದು ದೊರೆತು ಅಷ್ಟು ಹೊತ್ತಿಗೆ ಎಪ್ಪತ್ತು ವರ್ಷಗಳಾಗಿದ್ದುವು.

ಯಾಜಕಕಾಂಡದ ವಿಧಿಯಲ್ಲಿ ಗುಣವಾದವನು ಹಿಂದಿರುಗುವ ಕ್ರಮವೂ ಇದೆ. ಯಾಜಕನೇ ಪಾಳೆಯದ ಹೊರಗೆ ಬಂದು ಅವನನ್ನು ನೋಡಬೇಕು. ಎರಡು ಹಕ್ಕಿಗಳು, ದೇವದಾರು ಕಟ್ಟಿಗೆ, ಕೆಂಪು ದಾರ, ಹಿಸ್ಸೋಪಿನ ಸೊಪ್ಪು ಬೇಕು. ಒಂದು ಹಕ್ಕಿಯನ್ನು ಹರಿಯುವ ನೀರಿನ ಮೇಲೆ ಮಣ್ಣಿನ ಪಾತ್ರೆಯಲ್ಲಿ ಕೊಂದು, ಇನ್ನೊಂದನ್ನು ಬಯಲಿಗೆ ಹಾರಿಬಿಡಬೇಕು. ಬಳಿಕ ಅವನು ಪಾಳೆಯದೊಳಗೆ ಬರಬಹುದು. ಆದರೆ ಏಳು ದಿನ ತನ್ನ ಗುಡಾರದ ಹೊರಗೇ ಇರಬೇಕು. ಎಂಟನೆಯ ದಿನ ಕುರಿಗಳನ್ನು ಅರ್ಪಿಸಬೇಕು. ಬಡವನಾದರೆ ಒಂದು ಕುರಿ, ಎರಡು ಪಾರಿವಾಳ ಸಾಕು. ಆ ಗಲಿಲಾಯದವನು ಬಡವನೇ ಆಗಿದ್ದಿರಬೇಕು. ಮನೆಯ ಹೊರಗೆ ಏಳು ದಿನ ಕುಳಿತು, ಒಳಗಿನ ಮಕ್ಕಳ ಮಾತನ್ನು ಕೇಳಿಸಿಕೊಳ್ಳುವ ಆ ವಿಧಿಯನ್ನು ಅವನು ಪೂರೈಸಿದನೇ, ಎಂಟನೆಯ ದಿನ ಬಾಗಿಲು ತೆರೆದವರು ಯಾರು, ತೆರೆದವರು ಅವನ ಕೈ ಹಿಡಿದು ಒಳಗೆ ಕರೆದುಕೊಂಡರೇ ಎಂಬುದನ್ನು ಮಾರ್ಕನು ಬರೆದಿಲ್ಲ.